ಬ್ಯಾಂಕ್ ಸೈಟಿನ ಸರ್ಟಿಫಿಕೇಟ್‌ನಲ್ಲಿ ಗೊತ್ತಿಲ್ಲದ ಹೆಸರು ಬರುತ್ತಿದೆ, ತೆಗೆಯುವುದು ಹೇಗೆ?

ಸೇಡಂ ರೋಡ್ ಸೆಂಟರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ ರೀ. ಕಲಬುರಗಿಯ ಸೇಡಂ ರೋಡಿನಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಆದಾಯ, 371ಜೆ ಅರ್ಜಿ, ಬೆಳೆ ವಿಮೆ, ಪರೀಕ್ಷೆ ಫೀಸು, ರೈಲ್ವೆ ಟಿಕೆಟ್, ಎಲ್ಲಾ ಎರಡೇ ಕಂಪ್ಯೂಟರ್ ಮೇಲೆ ನಡೆಯುತ್ತದೆ. ಎರಡರಲ್ಲೂ ವಿಂಡೋಸ್ 11. ಕ್ರೋಮ್, ಫೈರ್‌ಫಾಕ್ಸ್ ಎರಡೂ ಹಾಕಿದ್ದೇನೆ.

ನಿನ್ನೆ ಸಂಜೆ ಅಕ್ಕನ ಮಗ ಬಂದಿದ್ದ, ಬಿಸಿಎ ಓದುತ್ತಿದ್ದಾನೆ. ಎರಡನೇ ಕಂಪ್ಯೂಟರಿನಲ್ಲಿ ಒಂದು ಬ್ಯಾಂಕಿನ ಸೈಟ್ ತೆರೆದಿತ್ತು. ಕ್ಲಾಸಿನಲ್ಲಿ ಸರ್ಟಿಫಿಕೇಟ್ (ಸೈಟು ಅಸಲಿ ಅಂತ ತೋರಿಸುವ ಪತ್ರ) ಪಾಠ ಆಗಿತ್ತಂತೆ, ಅಡ್ರೆಸ್ ಬರೆಯುವ ಜಾಗದ ಎಡಗಡೆ ಇರುವ ಗುರುತು ಒತ್ತಿ, 'ಕನೆಕ್ಷನ್ ಈಸ್ ಸೆಕ್ಯೂರ್', ಆಮೇಲೆ 'ಸರ್ಟಿಫಿಕೇಟ್ ಈಸ್ ವ್ಯಾಲಿಡ್' ಅಂತ ಒಳಗೆ ಹೋಗಿ ತೋರಿಸಿದ. 'ಇಶ್ಯೂಡ್ ಬೈ' ಅನ್ನುವ ಕಡೆ ಯಾವತ್ತೂ ಕೇಳದ ಒಂದು ಹೆಸರು, ಎರಡು ಇಂಗ್ಲಿಷ್ ಪದ ಕೂಡಿಸಿ ಹಿಂದೆ ರೂಟ್ ಸಿಎ ಅಂತ ಹಚ್ಚಿದ್ದರು. ಅವನ ಫೋನಿನಲ್ಲಿ ಅದೇ ಬ್ಯಾಂಕ್ ತೆರೆದರೆ ಡಿಜಿಸರ್ಟ್ ಅಂತ ಸರ್ಟಿಫಿಕೇಟ್ ಕೊಡುವ ಕಂಪನಿಯ ಹೆಸರು ಬಂತು. ಗೂಗಲ್ ತೆರೆದೆವು, ಫೋನಿನಲ್ಲಿ ಗೂಗಲ್ ಟ್ರಸ್ಟ್ ಸರ್ವಿಸಸ್, ಕಂಪ್ಯೂಟರಿನಲ್ಲಿ ಮತ್ತೆ ಆ ಹೆಸರೇ. ರೈಲ್ವೆ ಸೈಟಿಗೂ ಅದೇ. ಒಂದನೇ ಕಂಪ್ಯೂಟರಿನಲ್ಲಿ ಈ ತೊಂದರೆ ಇಲ್ಲ. ಎರಡಕ್ಕೂ ಇರುವುದು ಒಂದೇ ವೈಫೈ.

ರಾತ್ರಿ ನಿದ್ದೆ ಬರಲಿಲ್ಲ. ಆ ಕಂಪ್ಯೂಟರ್ ಮೇಲೆ ದಿನಾ ಎಷ್ಟೋ ಜನರ ಆಧಾರ್, ಬ್ಯಾಂಕ್, ಓಟಿಪಿ ಹಾಕಿದ್ದೇನೆ. ವಯಸ್ಸಾದವರು ಪಾಸ್‌ವರ್ಡ್ ಚೀಟಿಯನ್ನೇ ನನ್ನ ಕೈಗೆ ಕೊಡುತ್ತಾರೆ.

ಕಂಪ್ಯೂಟರ್ ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ ತೆಗೆದು ನೋಡಿದರೆ ತುಂಬಾ ಉದ್ದ ಇದೆ. ತೈವಾನಿನ ಚುಂಗ್ವಾ ಟೆಲಿಕಾಂ ಅಂತೆ, ಹಂಗೇರಿಯದ್ದಂತೆ, ಸ್ಪೇನಿನದಂತೆ. 2020ರ ಡಿಸೆಂಬರ್ 31ಕ್ಕೇ ಅವಧಿ ಮುಗಿದವೂ ಅಲ್ಲೇ ಕೂತಿವೆ. ಗೊತ್ತಿಲ್ಲದ್ದನ್ನೆಲ್ಲಾ ಅಳಿಸಿಬಿಡಲಾ? ಆದರೆ ಕಾಂಟ್ರಾಕ್ಟರುಗಳು ಟೆಂಡರ್ ಹಾಕಲು ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ) ತಂದು ಇಲ್ಲೇ ಹಚ್ಚುತ್ತಾರೆ, ಅದು ಕೆಟ್ಟರೆ ನನ್ನ ಹೊಟ್ಟೆಪಾಡಿಗೇ ಪೆಟ್ಟು. ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್ ಬೀದರ್

ಅಕ್ಕಾವ್ರೆ, ಏನನ್ನೂ ಅಳಿಸುವ ಮೊದಲು ಇದೊಂದು ಮಾಡಿ. ಎರಡನೇ ಕಂಪ್ಯೂಟರ್ ಮೇಲೆ ಬ್ಯಾಂಕು, ಓಟಿಪಿ, ಯಾರದೇ ಪಾಸ್‌ವರ್ಡ್ ಹಾಕುವ ಕೆಲಸ ಈಗಲೇ ನಿಲ್ಲಿಸಿ. ಸಾಲು ಹೊರಗೆ ರಸ್ತೆ ತನಕ ಹೋದರೂ ಸರಿ, ಒಂದೇ ಕಂಪ್ಯೂಟರ್ ಮೇಲೆ ನಡೆಸಿ.

ನಿಮ್ಮ ಅಕ್ಕನ ಮಗ ಒಳ್ಳೆ ಕೆಲಸ ಮಾಡಿದ್ದಾನೆ. ಬ್ಯಾಂಕು, ಗೂಗಲ್, ರೈಲ್ವೆ, ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಸೈಟಿಗೂ ಒಂದೇ ಹೆಸರು ಬಂದರೆ ಆ ಸರ್ಟಿಫಿಕೇಟ್ ಹುಟ್ಟುತ್ತಿರುವುದು ನಿಮ್ಮ ಕಂಪ್ಯೂಟರ್ ಒಳಗೇ. ಅದೇ ವೈಫೈ ಮೇಲೆ ಇನ್ನೊಂದು ಕಂಪ್ಯೂಟರ್ ಸರಿ ಇದೆ ಅಂದ ಮೇಲೆ ವೈಫೈ ಮೇಲೆ ಸಂಶಯ ಬೇಡ.

ನಿಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಕಾಲೇಜಿನವರು ಒಪ್ಪುವುದು ತಹಶೀಲ್ದಾರರ ಸಹಿ ನೋಡಿ. ಬ್ರೌಸರ್ ಹತ್ತಿರವೂ ಹೀಗೆ ಯಾರ ಸಹಿ ಒಪ್ಪಬಹುದು ಅಂತ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ನೂರಕ್ಕೂ ಜಾಸ್ತಿ ರೂಟ್ ಸರ್ಟಿಫಿಕೇಟ್‌ಗಳು, ಅಂದರೆ ಸಹಿ ಹಾಕುವವರ ಮೂಲ ಸರ್ಟಿಫಿಕೇಟ್‌ಗಳು. ಯಾವುದೋ ಸಾಫ್ಟ್‌ವೇರ್ ಬಂದು ತನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಅದು ಬ್ಯಾಂಕಿನ ಹೆಸರಿನಲ್ಲಿ ತಾನೇ ಸಹಿ ಹಾಕಿ ಕೊಟ್ಟರೂ ಬ್ರೌಸರ್ ತಕರಾರು ಮಾಡುವುದಿಲ್ಲ, ಎಚ್ಚರಿಕೆ ಪುಟವೂ ಬರುವುದಿಲ್ಲ. ನಡುವೆ ಕೂತು ಎಲ್ಲಾ ಓದುತ್ತದೆ.

ಆದರೆ ಹೀಗೆ ನಡುವೆ ಕೂರುವವರೆಲ್ಲಾ ಕಳ್ಳರಲ್ಲ. ಕ್ಯಾಸ್ಪರ್‌ಸ್ಕೀ, ಅವಾಸ್ಟ್, ಇಸೆಟ್ ತರಹದ ಆಂಟಿವೈರಸ್‌ಗಳೂ ವೆಬ್ ಪುಟ ಪರೀಕ್ಷಿಸಲು ತಮ್ಮದೇ ರೂಟ್ ಸೇರಿಸುತ್ತವೆ. ಆಗ ಅವುಗಳ ಹೆಸರೇ ಬರುತ್ತದೆ. ನೀವು ಬರೆದ ಹೆಸರು ಹಾಗಿಲ್ಲ.

ತೆಗೆಯುವುದು ಹೀಗೆ. ಸ್ಟಾರ್ಟ್ ಮೆನುವಿನಲ್ಲಿ 'ಮ್ಯಾನೇಜ್ ಯೂಸರ್ ಸರ್ಟಿಫಿಕೇಟ್ಸ್' ಅಂತ ಹುಡುಕಿ ತೆರೆಯಿರಿ. ಅದರಲ್ಲಿ 'ಟ್ರಸ್ಟೆಡ್ ರೂಟ್ ಸರ್ಟಿಫಿಕೇಶನ್ ಅಥಾರಿಟೀಸ್', ಅದರೊಳಗೆ 'ಸರ್ಟಿಫಿಕೇಟ್ಸ್'. ಇನ್ನೊಂದು 'ಮ್ಯಾನೇಜ್ ಕಂಪ್ಯೂಟರ್ ಸರ್ಟಿಫಿಕೇಟ್ಸ್' ಅಂತ ಇದೆ, ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಎರಡನ್ನೂ ನೋಡಲೇಬೇಕು. ಕಂಪ್ಯೂಟರ್ ಮಟ್ಟದಲ್ಲಿ ಹಾಕಿದ್ದು ಯೂಸರ್ ಪಟ್ಟಿಯಲ್ಲೂ ಕಾಣುತ್ತದೆ, ಆದರೆ ಅಲ್ಲಿಂದ ಅಳಿಸಿದರೆ ಹೋಗುವುದಿಲ್ಲ, ಬಹಳ ಜನ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಆ ಹೆಸರು ಸಿಕ್ಕ ಮೇಲೆ ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ, 'ಆಲ್ ಟಾಸ್ಕ್ಸ್' ಒಳಗಿನ 'ಎಕ್ಸ್‌ಪೋರ್ಟ್' ಒತ್ತಿ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಅಳಿಸುವ ಬದಲು ಕಟ್ ಮಾಡಿ, ಅದೇ ಕಿಟಕಿಯ 'ಅನ್‌ಟ್ರಸ್ಟೆಡ್ ಸರ್ಟಿಫಿಕೇಟ್ಸ್' ಫೋಲ್ಡರಿನಲ್ಲಿ ಪೇಸ್ಟ್ ಮಾಡಿ. ಸುಮ್ನೆ ಅಳಿಸಿದರೆ ಆ ಸಾಫ್ಟ್‌ವೇರ್ ಮತ್ತೆ ತಂದು ಹಾಕಬಹುದು. ಅನ್‌ಟ್ರಸ್ಟೆಡ್ ಒಳಗೆ ಇದ್ದರೆ ಮತ್ತೆ ಹಾಕಿದರೂ ವಿಂಡೋಸ್ ಒಪ್ಪುವುದಿಲ್ಲ.

ಅವಧಿ ಮುಗಿದದ್ದನ್ನು ಮುಟ್ಟಬೇಡಿ. 2020ರ ಡಿಸೆಂಬರ್ 31 ಅಂದಿರಲ್ಲ, ಅದು 'ಮೈಕ್ರೋಸಾಫ್ಟ್ ರೂಟ್ ಅಥಾರಿಟಿ' ಅಥವಾ 'ಥಾಟೆ ಟೈಮ್‌ಸ್ಟ್ಯಾಂಪಿಂಗ್ ಸಿಎ' ಇರಬೇಕು. ಅವಧಿ ಇದ್ದಾಗ ಸಹಿ ಮಾಡಿದ ಹಳೇ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಲು ವಿಂಡೋಸ್‌ಗೆ ಅವು ಈಗಲೂ ಬೇಕು.

ಶಹಾಪುರ ತೊಗರಿ (ಯಾದಗಿರಿ ಜಿಲ್ಲೆ)

ನನ್ನ ಅಭಿಪ್ರಾಯ ಬೇರೆ ಇದೆ. ಹೊರದೇಶದವರನ್ನೆಲ್ಲಾ ನಾವು ಯಾಕೆ ನಂಬಬೇಕು? ನಾನು ಹೋದ ವರ್ಷವೇ ನನ್ನ ಕಂಪ್ಯೂಟರಿನಿಂದ ಹೊರದೇಶದ ಹೆಸರು ಕಂಡದ್ದನ್ನೆಲ್ಲಾ ತೆಗೆದು ಅನ್‌ಟ್ರಸ್ಟೆಡ್‌ಗೆ ಹಾಕಿದೆ. ಅದರಲ್ಲೂ ಅಕ್ಕಾವರು ಹೇಳಿದ ಸರ್ಟಿಫಿಕೇಟ್‌ನಲ್ಲಿ 'ಇಶ್ಯೂಡ್ ಟು', 'ಇಶ್ಯೂಡ್ ಬೈ' ಎರಡೂ ಒಂದೇ ಇದ್ದರೆ ಅದು ತನಗೆ ತಾನೇ ಸಹಿ ಮಾಡಿಕೊಂಡದ್ದು, ಖಂಡಿತಾ ನಕಲಿ.

ಲ್ಯಾಬ್ ಬೀದರ್

ಅಣ್ಣಾವ್ರೆ, ನಿಮ್ಮ ಕಾಳಜಿ ಸರಿ ಇದೆ. ಆದರೆ ಎರಡೂ ಗುರುತು ತಪ್ಪು. ರೂಟ್ ಅಂದರೇನೇ ತನಗೆ ತಾನು ಸಹಿ ಮಾಡಿಕೊಂಡದ್ದು, ಅದರ ಮೇಲೆ ಇನ್ನೊಬ್ಬರಿಲ್ಲ. ಆ ಪಟ್ಟಿಯಲ್ಲಿ ಯಾವುದನ್ನು ತೆರೆದರೂ ಎರಡೂ ಕಡೆ ಒಂದೇ ಹೆಸರು ಕಾಣುತ್ತದೆ, ಅಸಲಿಗೂ ನಕಲಿಗೂ.

ಇನ್ನು ದೇಶದ ಮಾತು. ಆ ಪಟ್ಟಿಯಲ್ಲಿ 'ಎಮ್‌ಸೈನ್' ಅನ್ನುವ ಹೆಸರು ನೋಡಿದರೆ ಅದೂ ಯಾವುದೋ ಪರದೇಶದ್ದು ಅನಿಸುತ್ತದೆ, ಆದರೆ ಅದು ನಮ್ಮ ಬೆಂಗಳೂರಿನ ಇಮುದ್ರಾ ಕಂಪನಿಯದು. ಇನ್ನೊಂದು ಕಡೆ, 2014ರ ಜುಲೈನಲ್ಲಿ ಗೂಗಲ್ ಹೆಸರಿನ ಕೆಲವು ನಕಲಿ ಸರ್ಟಿಫಿಕೇಟ್‌ಗಳು ಸಿಕ್ಕವು. ಕೊಟ್ಟದ್ದು ನಮ್ಮ ದೇಶದ್ದೇ ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಸಂಸ್ಥೆ) ಯ ಸರ್ಟಿಫಿಕೇಟ್ ವಿಭಾಗ, ಅದರ ಮೇಲಿದ್ದ ರೂಟ್ ಭಾರತದ ಸಿಸಿಎ, ಅಂದರೆ ಸರ್ಟಿಫಿಕೇಟ್ ಕೊಡುವವರ ಮೇಲಿನ ಸರ್ಕಾರಿ ನಿಯಂತ್ರಕರದು. ಸಿಸಿಎ ರೂಟ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇತ್ತು, ಹಾಗಾಗಿ ಆ ಪಟ್ಟಿ ನಂಬುವ ವಿಂಡೋಸಿನ ಪ್ರೋಗ್ರಾಂಗಳಿಗೆ ಅಪಾಯ ಇತ್ತು. ಫೈರ್‌ಫಾಕ್ಸಿನ ಸ್ವಂತ ಪಟ್ಟಿಯಲ್ಲಿ ಇರಲಿಲ್ಲ, ಅದಕ್ಕೆ ಬಿಸಿ ತಟ್ಟಲಿಲ್ಲ. ಆಮೇಲೆ ಆ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿದರು. ಭಾರತದ್ದು ಅಂದ ಕೂಡಲೇ ಸುರಕ್ಷಿತ, ಹೊರಗಿನದು ಅಂದ ಕೂಡಲೇ ಅಪಾಯ ಅಂತ ಲೆಕ್ಕ ಹಾಕಲು ಆಗುವುದಿಲ್ಲ.

ಅಕ್ಕಾವರು ಕೇಳಿದ ಚುಂಗ್ವಾ ಟೆಲಿಕಾಂ ಕೂಡ ಹಾಗೇ. 2025ರ ಜುಲೈ 31ರ ನಂತರ ಕೊಟ್ಟ ಅವರ ಸರ್ಟಿಫಿಕೇಟ್‌ಗಳನ್ನು ಕ್ರೋಮ್ ಒಪ್ಪುವುದಿಲ್ಲ, ಹಂಗೇರಿಯ ನೆಟ್‌ಲಾಕ್‌ನದೂ ಅಷ್ಟೇ. ತೈವಾನ್ ಅಂತ ಅಲ್ಲ, ನಿಯಮ ಪಾಲಿಸುವುದರಲ್ಲಿ ಮತ್ತೆ ಮತ್ತೆ ಎಡವಿದರು ಅಂತ. ಆ ಕೆಲಸ ಬ್ರೌಸರಿನವರು ಅಪ್‌ಡೇಟ್‌ನಲ್ಲೇ ಮಾಡಿರುತ್ತಾರೆ, ನೀವು ಕೈ ಹಾಕುವ ಅಗತ್ಯವಿಲ್ಲ. ನೀವು ಹುಡುಕಬೇಕಾದದ್ದು ಬ್ರೌಸರಿನವರೂ ಮೈಕ್ರೋಸಾಫ್ಟಿನವರೂ ಇಡದೆ, ನಿಮ್ಮ ಅಂಗಡಿಯ ಕಂಪ್ಯೂಟರಿಗೆ ಮಾತ್ರ ಬಂದು ಸೇರಿದ್ದನ್ನು.

ಅದಕ್ಕೆ ಸುಲಭದ ದಾರಿ ಇದೆ. ಫೈರ್‌ಫಾಕ್ಸಿನಲ್ಲಿ ಬೀಗದ ಗುರುತು ಒತ್ತಿ ನೋಡಿ. ಹೊರಗಿನಿಂದ ಸೇರಿಸಿದ ರೂಟ್ ಇದ್ದರೆ, ಈ ಸರ್ಟಿಫಿಕೇಟ್ ಕೊಟ್ಟವರನ್ನು ಮೊಜಿಲ್ಲಾ ಗುರುತಿಸುವುದಿಲ್ಲ ಅನ್ನುವ ಅರ್ಥದ ಸಾಲು ಬರುತ್ತದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಸೆಕ್ಯೂರಿಟಿ, 'ಮ್ಯಾನೇಜ್ ಸರ್ಟಿಫಿಕೇಟ್ಸ್' ಒಳಗೆ ಹೋದರೆ ಕ್ರೋಮಿನ ಸ್ವಂತ ಪಟ್ಟಿ ಬೇರೆ, ವಿಂಡೋಸಿನಿಂದ ಬಂದದ್ದು ಬೇರೆ ತೋರಿಸುತ್ತದೆ. 2022ರಿಂದ ಕ್ರೋಮ್ ಸ್ವಂತ ಪಟ್ಟಿ ಬಳಸಲು ಶುರು ಮಾಡಿದೆ, ಆದರೂ ಕಂಪ್ಯೂಟರಿಗೆ ನಾವು ಸೇರಿಸಿದ್ದನ್ನು ಈಗಲೂ ಒಪ್ಪುತ್ತದೆ.

ಸೇಡಂ ರೋಡ್ ಸೆಂಟರ್ (ಕಲಬುರಗಿ)

ಲ್ಯಾಬ್ ಸರ್, ನೀವು ಹೇಳಿದ ಹಾಗೇ ಮಾಡಿದೆ. ಆ ಹೆಸರು ಕಂಪ್ಯೂಟರ್ ಪಟ್ಟಿಯಲ್ಲಿ ಸಿಕ್ಕಿತು. 'ವ್ಯಾಲಿಡ್ ಫ್ರಮ್' ತಾರೀಕು ನೋಡಿ ಎದೆ ಧಸಕ್ ಅಂತು, ಬರೀ ಮೂರು ತಿಂಗಳ ಹಿಂದಿನದು. ಉಳಿದವೆಲ್ಲಾ ಎಷ್ಟೋ ವರ್ಷ ಹಳೆಯವು. ಕಟ್ ಮಾಡಿ ಅನ್‌ಟ್ರಸ್ಟೆಡ್‌ಗೆ ಹಾಕಿದೆ.

ಈಗ ಒಂದೂ ಸೈಟ್ ತೆರೆಯುತ್ತಿಲ್ಲ! ಎಲ್ಲದಕ್ಕೂ ಕೆಂಪು ಗುರುತು, 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅಂತ ಬರುತ್ತದೆ, ಕೆಳಗೆ ಅಥಾರಿಟಿ ಇನ್‌ವ್ಯಾಲಿಡ್ ಅಂತ ಇದೆ. ಗೂಗಲ್‌ಗಂತೂ ಮುಂದೆ ಹೋಗುವ ಲಿಂಕೇ ಕಾಣುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿದ್ದನ್ನು ವಾಪಸ್ ಹಾಕಲಾ?

ಗುರುಮಠಕಲ್ ಕೋಡ್

ಬೇಡ ಅಕ್ಕಾ, ವಾಪಸ್ ಹಾಕಬೇಡಿ! ನಮ್ಮದು ಗುರುಮಠಕಲ್, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬ್ರೌಸರ್ ಈಗ ನಿಮಗೆ ನಿಜ ಹೇಳುತ್ತಿದೆ. ಪಟ್ಟಿಯಿಂದ ಹೆಸರು ಹೋಯಿತು, ಆದರೆ ನಡುವೆ ಕೂತ ಸಾಫ್ಟ್‌ವೇರ್ ಇನ್ನೂ ಅಲ್ಲೇ ಇದೆ, ಅದು ಕೊಡುತ್ತಿರುವ ನಕಲಿ ಸಹಿಯನ್ನು ಬ್ರೌಸರ್ ಈಗ ಹಿಡಿಯುತ್ತಿದೆ. ಅದು ಬಲವಂತವಾಗಿ ತೆರೆಸುವ ಆಯ್ಕೆ ಕೊಟ್ಟರೂ ಒತ್ತಬೇಡಿ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರೊಳಗೆ ಪ್ರಾಕ್ಸಿ ನೋಡಿ. 'ಯೂಸ್ ಎ ಪ್ರಾಕ್ಸಿ ಸರ್ವರ್' ಆನ್ ಆಗಿ, ಅಡ್ರೆಸ್ ಜಾಗದಲ್ಲಿ 127.0.0.1 ಅಂತ ಇದ್ದರೆ ನಿಮ್ಮ ಎಲ್ಲಾ ಓಡಾಟ ನಿಮ್ಮದೇ ಕಂಪ್ಯೂಟರಿನ ಇನ್ನೊಂದು ಪ್ರೋಗ್ರಾಂ ಮೂಲಕ ಹೋಗುತ್ತಿದೆ ಅಂತ ಅರ್ಥ. ಅದನ್ನು ಆಫ್ ಮಾಡಿ. ಆಮೇಲೆ 'ಇನ್‌ಸ್ಟಾಲ್ಡ್ ಆ್ಯಪ್ಸ್' ತೆಗೆದು ತಾರೀಕಿನ ಪ್ರಕಾರ ಜೋಡಿಸಿ, ಸರ್ಟಿಫಿಕೇಟಿನ ಶುರುವಿನ ತಾರೀಕಿಗೆ ಹೊಂದುವ ದಿನ ಏನು ಹಾಕಿದ್ದೀರಿ ನೋಡಿ. ನನ್ನ ಅನುಭವದಲ್ಲಿ ಇಂಥ ಪ್ರೋಗ್ರಾಂಗಳು ತಮ್ಮ ರೂಟನ್ನು ಬಂದ ದಿನವೇ ತಯಾರು ಮಾಡುತ್ತವೆ. ತಾರೀಕು ನೋಡಿದಿರಲ್ಲ, ಅದು ದೊಡ್ಡ ಸುಳಿವು.

2015ರ ಶುರುವಿನಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅಂತ ಒಂದು ಸಿಕ್ಕಿತು. ಹೊಸ ಲ್ಯಾಪ್‌ಟಾಪ್ ಜೊತೆಗೇ ಬರುತ್ತಿತ್ತು, ಪುಟಗಳಲ್ಲಿ ಜಾಹೀರಾತು ತೂರಿಸಲು ತನ್ನ ರೂಟ್ ಸೇರಿಸಿಕೊಂಡಿತ್ತು. ಕೆಟ್ಟದ್ದು ಏನೆಂದರೆ ಎಲ್ಲಾ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ ಖಾಸಗಿ ಕೀ, ಅಂದರೆ ಸಹಿ ಹಾಕುವ ಗುಟ್ಟಿನ ಕೀ ಇತ್ತು. ಒಬ್ಬರು ಅದನ್ನು ಬಿಡಿಸಿ ತೆಗೆದ ಮೇಲೆ, ಹೋಟೆಲ್ ವೈಫೈ ಮೇಲೆ ಪಕ್ಕದಲ್ಲಿ ಕೂತ ಯಾರು ಬೇಕಾದರೂ ಆ ಲ್ಯಾಪ್‌ಟಾಪಿನವರಿಗೆ ನಕಲಿ ಬ್ಯಾಂಕ್ ತೋರಿಸಬಹುದಿತ್ತು. ಆಗಲೂ ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿದವರ ಕಂಪ್ಯೂಟರಿನಲ್ಲಿ ಸರ್ಟಿಫಿಕೇಟ್ ಹಾಗೇ ಉಳಿದಿತ್ತು. ಅದಕ್ಕೇ ಹೇಳುವುದು, ಎರಡೂ ಹೋಗಬೇಕು, ಪ್ರೋಗ್ರಾಮೂ ರೂಟೂ. ನೀವು ರೂಟ್ ಮೊದಲು ತೆಗೆದಿರಿ, ಪರವಾಗಿಲ್ಲ.

ಫೈರ್‌ಫಾಕ್ಸ್ ಬೇರೆಯಾಗಿ ನೋಡಬೇಕು. ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಕೆಳಗೆ 'ವ್ಯೂ ಸರ್ಟಿಫಿಕೇಟ್ಸ್', 'ಅಥಾರಿಟೀಸ್'. ಅಲ್ಲಿ ಎರಡನೇ ಕಾಲಂನಲ್ಲಿ 'ಬಿಲ್ಟಿನ್ ಆಬ್ಜೆಕ್ಟ್ ಟೋಕನ್' ಅಂತ ಇದ್ದರೆ ಮೊಜಿಲ್ಲಾದವರು ಇಟ್ಟದ್ದು. 'ಸಾಫ್ಟ್‌ವೇರ್ ಸೆಕ್ಯೂರಿಟಿ ಡಿವೈಸ್' ಅಂತ ಇದ್ದರೆ ಆಮೇಲೆ ಬಂದದ್ದು, ಆದರೆ ಸೈಟ್‌ಗಳಿಂದ ಪಡೆದು ಇಟ್ಟುಕೊಂಡ, ರೂಟ್‌ಗೂ ಸೈಟಿಗೂ ನಡುವಿನ ಸರ್ಟಿಫಿಕೇಟ್‌ಗಳಿಗೂ ಹಾಗೇ ತೋರಿಸುತ್ತದೆ, ಗಾಬರಿ ಬೇಡ. 'ಎಡಿಟ್ ಟ್ರಸ್ಟ್' ಒತ್ತಿ ನೋಡಿ, ವೆಬ್‌ಸೈಟ್ ನಂಬುವ ಟಿಕ್ ಇದ್ದದ್ದೇ ತೊಂದರೆಯದು. ಅದನ್ನು 'ಡಿಲೀಟ್ ಆರ್ ಡಿಸ್ಟ್ರಸ್ಟ್' ಮಾಡಿ.

ಇನ್ನೊಂದು ಮುಖ್ಯ ಮಾತು. ಈ ಮೂರು ತಿಂಗಳಲ್ಲಿ ಆ ಕಂಪ್ಯೂಟರ್ ಮೇಲೆ ಪಾಸ್‌ವರ್ಡ್ ಹಾಕಿದವರೆಲ್ಲಾ ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಬದಲಾಯಿಸಬೇಕು. ನಿಮ್ಮ ಸೆಂಟರಿನ ಲಾಗಿನ್‌ಗಳು ಮೊದಲು. ಗಿರಾಕಿಗಳಿಗೆ ಹೇಳುವುದು ಕಷ್ಟ ಅಂತ ಗೊತ್ತು, ಆದರೂ ಹೇಳಿ ಅಕ್ಕಾ.

ಸೇಡಂ ರೋಡ್ ಸೆಂಟರ್ (ಕಲಬುರಗಿ)

ಸಿಕ್ಕಿತು ತಮ್ಮಾ. ಪ್ರಾಕ್ಸಿ ಆನ್ ಇತ್ತು, 127.0.0.1 ಅಂತಲೇ ಇತ್ತು. ಅದೇ ತಾರೀಕಿಗೆ ಹಾಕಿದ ಪಿಡಿಎಫ್ ಸಣ್ಣದು ಮಾಡುವ ಒಂದು ಪುಕ್ಕಟೆ ಪ್ರೋಗ್ರಾಂ. ಅರ್ಜಿಗೆ ಫೋಟೋ, ಅಂಕಪಟ್ಟಿ ಇಷ್ಟೇ ಕೆಬಿ ಇರಬೇಕು ಅಂತ ಕೇಳುತ್ತಾರಲ್ಲ, ಕೆಲಸಕ್ಕಿದ್ದ ಹುಡುಗ ಅವತ್ತು ಜನ ಜಾಸ್ತಿ ಇದ್ದಾರೆ ಅಂತ ಸಿಕ್ಕಿದ್ದನ್ನು ಡೌನ್‌ಲೋಡ್ ಮಾಡಿದ್ದ. ಅವನ ಮೇಲೆ ಸಿಟ್ಟು ಮಾಡಲಿಲ್ಲ, ನಾನೇ ಅಡ್ಮಿನ್ ಪಾಸ್‌ವರ್ಡ್ ಹೇಳಿದ್ದೆ. ಈಗ ಪಾಸ್‌ವರ್ಡ್ ಬದಲಾಯಿಸಿ, ಅವನಿಗೆ ಬೇರೆ ಸಾದಾ ಯೂಸರ್ ಮಾಡಿ ಕೊಟ್ಟಿದ್ದೇನೆ.

ಪ್ರೋಗ್ರಾಂ ತೆಗೆದು, ಪ್ರಾಕ್ಸಿ ಆಫ್ ಮಾಡಿ, ಮತ್ತೆ ಚಾಲೂ ಮಾಡಿದ ಮೇಲೆ ಎಲ್ಲಾ ಸೈಟ್ ತೆರೆಯುತ್ತಿವೆ. ಗೂಗಲ್‌ಗೆ ಗೂಗಲ್ ಟ್ರಸ್ಟ್ ಸರ್ವಿಸಸ್, ಬ್ಯಾಂಕಿಗೆ ಡಿಜಿಸರ್ಟ್, ಫೋನಿನಲ್ಲಿ ಕಂಡ ಹಾಗೇ. ಅಕ್ಕನ ಮಗ ಎರಡೂ ಪರದೆ ಅಕ್ಕಪಕ್ಕ ಇಟ್ಟು, ನಾವು ಆರ್‌ಡಿ ನಂಬರ್ ತಾಳೆ ನೋಡುತ್ತೇವಲ್ಲ, ಹಾಗೆ ಸರ್ಟಿಫಿಕೇಟಿನ ಗುರುತಾದ ಫಿಂಗರ್‌ಪ್ರಿಂಟ್ ಸಾಲಿನ ಅಕ್ಷರ ಒಂದೊಂದೇ ಓದಿ ತಾಳೆ ನೋಡಿದ.

ಗಿರಾಕಿಗಳ ರಿಜಿಸ್ಟರ್ ಇದೆ. ಬ್ಯಾಂಕ್ ಕೆಲಸ ಮಾಡಿಸಿದವರಿಗೆ ಇವತ್ತಿನಿಂದ ಫೋನ್ ಮಾಡುತ್ತಿದ್ದೇನೆ. ಒಬ್ಬ ಅಜ್ಜ ಬೈದರು, ಉಳಿದವರು ಒಳ್ಳೇದಾಯ್ತು ಹೇಳಿದ್ದು ಅಂದರು. ಪಾಸ್‌ವರ್ಡ್ ಬದಲಾಯಿಸಲು ಬಾರದವರಿಗೆ ಬನ್ನಿ, ನಾನೇ ಒಂದನೇ ಕಂಪ್ಯೂಟರ್ ಮೇಲೆ ದುಡ್ಡಿಲ್ಲದೆ ಮಾಡಿಕೊಡುತ್ತೇನೆ ಅಂದಿದ್ದೇನೆ.

ಒಂದು ಸಂಶಯ ಉಳಿದಿದೆ. ವಿಂಡೋಸಿನಿಂದ ಬಂದದ್ದು ಅಂತ ಕ್ರೋಮ್ ತೋರಿಸುವ ಪಟ್ಟಿಯಲ್ಲಿ ಇನ್ನೂ ಒಂದಿದೆ, ಡಿಎಸ್‌ಸಿ ಸಹಿ ಮಾಡುವ ಸಾಫ್ಟ್‌ವೇರಿನ ಹೆಸರಿನಲ್ಲಿ. ಅದನ್ನೂ ತೆಗೆಯಬೇಕಾ? 'ಪರ್ಸನಲ್' ಫೋಲ್ಡರಿನಲ್ಲಿ ಕಾಂಟ್ರಾಕ್ಟರುಗಳ ಹೆಸರೂ ಕಾಣುತ್ತವೆ.

ಲ್ಯಾಬ್ ಬೀದರ್

ಡಿಎಸ್‌ಸಿ ಸಾಫ್ಟ್‌ವೇರಿನದು ಇರಲಿ. ಸೈಟು ನಿಮ್ಮ ಕಂಪ್ಯೂಟರಿನಲ್ಲಿರುವ ಸಹಿ ಪ್ರೋಗ್ರಾಂ ಜೊತೆ ಮಾತಾಡಬೇಕಲ್ಲ, ಅದಕ್ಕೆ ಕೆಲವು ಸಾಫ್ಟ್‌ವೇರ್‌ಗಳು ತಮ್ಮದೊಂದು ಸೇರಿಸುತ್ತವೆ. ಅದನ್ನು ತೆಗೆದರೆ ಟೆಂಡರ್ ಪುಟದಲ್ಲಿ ಟೋಕನ್ ಕಾಣದೆ ಹೋಗಬಹುದು. ಆದರೆ ಆ ಸಾಫ್ಟ್‌ವೇರ್ ನೀವು ಅಧಿಕೃತ ಸೈಟಿನಿಂದಲೇ ಹಾಕಿದ್ದು ಹೌದಾ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ. ಈಗ ಬಳಸದ ಹಳೇ ಆವೃತ್ತಿಯದು ಉಳಿದಿದ್ದರೆ ಅದನ್ನು ತೆಗೆಯಿರಿ.

'ಪರ್ಸನಲ್' ಒಳಗೆ ಕಾಣುವ ಹೆಸರುಗಳು ಟೋಕನ್ ಹಚ್ಚಿದಾಗ ಬಂದ ನೆರಳು ಮಾತ್ರ, ಖಾಸಗಿ ಕೀ ಟೋಕನ್ ಒಳಗೇ ಇರುತ್ತದೆ. ಅಳಿಸಿದರೂ ಟೋಕನ್ ಮತ್ತೆ ಹಚ್ಚಿದಾಗ ಬರುತ್ತದೆ. ಆದರೆ ಯಾರದಾದರೂ ಫೈಲ್ ರೂಪದ ಸರ್ಟಿಫಿಕೇಟ್ ಅಲ್ಲಿ ಹಾಕಿದ್ದರೆ, ಅಳಿಸಿದರೆ ಅವರಿಗೆ ಅದನ್ನು ಬಳಸಲು ಆಗದೆ ಹೋಗಬಹುದು. ಅವರನ್ನು ಕೇಳದೆ ಕೈ ಹಾಕಬೇಡಿ.

ಶಹಾಪುರ ತೊಗರಿ (ಯಾದಗಿರಿ ಜಿಲ್ಲೆ)

ಲ್ಯಾಬ್ ಸರ್, ನಿಮ್ಮ ಮಾತು ಓದಿದ ಮೇಲೆ ನನಗೂ ಒಂದು ವಿಷಯ ಹೊಳೆಯಿತು. ಕೆಲವು ತಿಂಗಳಿಂದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬಹಳ ಸೈಟ್‌ಗಳು ಕೆಂಪು ಪುಟ ತೋರಿಸುತ್ತವೆ, ನಾನು ನೆಟ್‌ವರ್ಕ್ ತೊಂದರೆ ಅಂದುಕೊಂಡಿದ್ದೆ. ನಾನು ತೆಗೆದದ್ದೇ ಕಾರಣ ಇರಬೇಕು ಅಲ್ವಾ? ವಾಪಸ್ ಹೇಗೆ ತರುವುದು? ಮತ್ತೆ ಫೋನಿನಲ್ಲೂ ಇಂಥದ್ದು ಸೇರಿರುತ್ತದಾ?

ಗುರುಮಠಕಲ್ ಕೋಡ್

ಹೌದು ಅಣ್ಣಾ, ಅದೇ ಕಾರಣ. ಬರೀ ಅಳಿಸಿದ್ದರೆ ವಿಂಡೋಸ್ ಬೇಕಾದಾಗ ತಾನೇ ಮೈಕ್ರೋಸಾಫ್ಟಿನಿಂದ ಮತ್ತೆ ತರಿಸಿಕೊಳ್ಳುತ್ತಿತ್ತು. ನೀವು ಅನ್‌ಟ್ರಸ್ಟೆಡ್ ಒಳಗೆ ಹಾಕಿದ್ದರಿಂದ ತಡೆ ಹಾಗೇ ನಿಂತಿದೆ. ಆ ಫೋಲ್ಡರ್ ತೆಗೆದು ನೀವು ಹಾಕಿದವುಗಳನ್ನು ಮಾತ್ರ ಅಲ್ಲಿಂದ ಅಳಿಸಿ. ಮೈಕ್ರೋಸಾಫ್ಟ್‌ನವರೇ ಇಟ್ಟವೂ ಅಲ್ಲಿ ಇರಬಹುದು, ಅವನ್ನು ಬಿಡಿ. ಫೈರ್‌ಫಾಕ್ಸಿನಲ್ಲಿ ತೆಗೆದಿದ್ದರೆ 'ಎಡಿಟ್ ಟ್ರಸ್ಟ್' ಒತ್ತಿ ಟಿಕ್ ಮತ್ತೆ ಹಾಕಿದರೆ ಸಾಕು.

ಫೋನಿನಲ್ಲಿ ಸೆಟ್ಟಿಂಗ್ಸ್ ಹುಡುಕುವ ಜಾಗದಲ್ಲಿ 'ಟ್ರಸ್ಟೆಡ್ ಕ್ರೆಡೆನ್ಶಿಯಲ್ಸ್' ಅಂತ ಬರೆಯಿರಿ, ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲಾಗುತ್ತದೆ. ಅದರಲ್ಲಿ 'ಸಿಸ್ಟಮ್', 'ಯೂಸರ್' ಅಂತ ಎರಡು ಭಾಗ. ಸಿಸ್ಟಮ್ ಬಿಡಿ, ಯೂಸರ್ ನೋಡಿ. ಸಾಮಾನ್ಯವಾಗಿ ಅದು ಖಾಲಿ ಇರಬೇಕು. ಆಫೀಸಿನವರು ಹಾಕಿದ್ದು ಅಲ್ಲದೆ ಏನಾದರೂ ಇದ್ದರೆ ಒತ್ತಿ ತೆಗೆದುಹಾಕಿ. ಆಂಡ್ರಾಯ್ಡ್ 7 ಬಂದ ಮೇಲೆ ಹೆಚ್ಚಿನ ಆ್ಯಪ್‌ಗಳು ಯೂಸರ್ ಭಾಗದ್ದನ್ನು ಒಪ್ಪುವುದಿಲ್ಲ, ಆದರೆ ಫೋನಿನ ಕ್ರೋಮ್ ಒಪ್ಪುತ್ತದೆ.

ಶಹಾಪುರ ತೊಗರಿ (ಯಾದಗಿರಿ ಜಿಲ್ಲೆ)

ನನ್ನ ಫೋನಿನಲ್ಲಿ ಖಾಲಿ ಇದೆ. ಮಗಳ ಫೋನಿನಲ್ಲಿ ಒಂದಿತ್ತು, ಪುಕ್ಕಟೆ ವಿಪಿಎನ್ ಆ್ಯಪ್ ಒಂದರ ಹೆಸರು. ಅವಳ ಎದುರಿಗೇ ಕೂತು ಎರಡನ್ನೂ ತೆಗೆದೆವು. ಕಂಪ್ಯೂಟರಿನದು ಒಂದೊಂದೇ ಬಿಡಿಸುತ್ತಿದ್ದೇನೆ, ಇಪ್ಪತ್ತಾರು ಮುಗಿಯಿತು, ಇನ್ನೂ ಇವೆ.